ಒಂದು ಸೆಮಿಸ್ಟರಿನ ತಂಗಿ

ಚುನ್‌ಚೊನ್
೩ ಸೆಪ್ಟೆಂಬರ್ ೨೦೨೫

ಕರಾಕೋಲ್ ನಗರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನೆರೆದಿರುವ ಮಹಾಜನಗಳೇ, ಸಭೆಯ ಅಧ್ಯಕ್ಷರಾದ ಅಪ್ಪನವರೇ, ಉಪಾಧ್ಯಕ್ಷೆಯಾದ ತಂಗಿ ಚೊಲ್ಪೊನ್ ಅವರೇ, ಮೇಜಿನ ಕೆಳಗೆ ಕೂತು ಪರಸ್ಪರ ಒದೆಯುತ್ತಿರುವ ಅವಳಿ ತಮ್ಮಂದಿರೇ, ಹಾಗೂ ಆಹ್ವಾನವಿಲ್ಲದೆಯೂ ಬಂದು ಎರಡನೆಯ ಬಟ್ಟಲು ಚಹಾ ಕುಡಿಯುತ್ತಿರುವ ಪಕ್ಕದ ಮನೆಯ ಹಿರಿಯರೇ,

ನಿಶ್ಶಬ್ದ! ಓದುತ್ತಿರುವವರು ಅಪ್ಪ. ಬರೆದವಳು ಬೆರ್ಮೆತ್, ಈ ಮನೆಯ ಹಿರಿಮಗಳು, ಸದ್ಯ ಕೊರಿಯಾದ ಒಂದು ವಿಶ್ವವಿದ್ಯಾಲಯಕ್ಕೆ ಡಿಸೆಂಬರಿನವರೆಗೆ ಎರವಲು ಹೋದವಳು. ಫೋನಿರುವಾಗ ಕಾಗದವೇಕೆ ಎಂದು ಕೇಳುವವರಿಗೆ ಉತ್ತರ ಹೀಗಿದೆ: ಭಾನುವಾರದ ಫೋನಿನಲ್ಲಿ ನೀವೆಲ್ಲ ಒಟ್ಟಿಗೆ ಕಿರುಚುತ್ತೀರಿ, ನನಗೆ ಕೇಳಿಸುವುದು ನಾಯಿಯೊಂದರ ಮಾತು ಮಾತ್ರ. ಅದೂ ಅಲ್ಲದೆ ಅಂಚೆ ಗುಮಾಸ್ತರ ಮಗಳೇ ಕಾಗದ ಬರೆಯದಿದ್ದರೆ ಕಚೇರಿಗೆ ಬೀಗ, ಅಪ್ಪನಿಗೆ ಒಲೆಯ ಪಕ್ಕ ಜಾಗ.

ಈ ಊರಿನ ಸುತ್ತ ನೀರು. ನಮ್ಮ ಸರೋವರದ ಹಾಗೆ ಆಚೆ ದಡವೇ ಕಾಣದ ನೀರಲ್ಲ. ಆದರೆ ಬೆಳಗಾದರೆ ಅದರಿಂದ ಮಂಜು ಎದ್ದು, ರಸ್ತೆ ದಾಟಿ, ಹಾಸ್ಟೆಲಿನ ಮೆಟ್ಟಿಲು ಹತ್ತಿ ಬರುತ್ತದೆ. ಸೇತುವೆಯ ಅರ್ಧ ಮಾತ್ರ ಕಾಣುತ್ತದೆ. ಇನ್ನರ್ಧದೊಳಗಿಂದ ಬಸ್ಸುಗಳು, ಯಾರೋ ಆಗಷ್ಟೇ ನೆನಪಿಸಿಕೊಂಡಂತೆ, ಒಂದೊಂದಾಗಿ ಹೊರಬರುತ್ತವೆ. ಅರ್ಧ ನಿದ್ದೆಯಲ್ಲಿ ಕ್ಲಾಸಿಗೆ ನಡೆದು ಹೋಗುವಾಗ ನಾನೂ ಯಾರದೋ ನೆನಪಿರಬೇಕು ಅನ್ನಿಸುತ್ತದೆ.

ಕಸದಲ್ಲಿ ಇಲ್ಲಿ ಐದು ಪಂಗಡ. ಮೊಸರಿನ ಡಬ್ಬಿಯನ್ನು ತೊಳೆದು, ಒರೆಸಿ, ಮೈಮೇಲಿನ ಕಾಗದ ಬಿಡಿಸಿ ಬೀಳ್ಕೊಡಬೇಕು. ನಮ್ಮ ಸೋದರಮಾವ ಬಂದಾಗಲೂ ನಾವು ಇಷ್ಟು ಉಪಚಾರ ಮಾಡಿದ್ದಿಲ್ಲ. ನನ್ನ ಕೋಣೆಯ ಜೊತೆಗಾತಿಯ ಹೆಸರು ಸೋಲ್ಬಿ. ಈ ನಾಡಿನವಳೇ, ಪ್ರಾಥಮಿಕ ಶಾಲೆಯ ಟೀಚರಾಗಲು ಓದುತ್ತಿದ್ದಾಳೆ. ಒಳ್ಳೆಯವಳು. ಊಟ ಹೊಟ್ಟೆ ತುಂಬ, ನಿದ್ದೆ ಕಣ್ಣ ತುಂಬ.

ಸಭೆ ಬರ್ಖಾಸ್ತು. ತಮ್ಮಂದಿರು ಕಾಲುಚೀಲ ಬದಲಿಸತಕ್ಕದ್ದು.

ನಿಮ್ಮೆಲ್ಲರ ಅಕ್ಕ,
ಬೆರ್ಮೆತ್


ಚುನ್‌ಚೊನ್
೪ ಸೆಪ್ಟೆಂಬರ್

ಅಪ್ಪಾ,

ಇದನ್ನು ನಿನ್ನ ಕಚೇರಿಯ ವಿಳಾಸಕ್ಕೆ ಹಾಕಿದ್ದೇನೆ. ಸಭೆಯಲ್ಲಿ ಓದಬೇಡ.

ನಾನೊಂದು ಸುಳ್ಳು ಹೇಳಿದೆ. ದೊಡ್ಡದಲ್ಲ, ಮೂರು ವರ್ಷ ಉದ್ದದ್ದು.

ಇಲ್ಲಿ ಯಾರಾದರೂ ಸಿಕ್ಕರೆ ಹೆಸರು ಕೇಳಿದ ಮರುಗಳಿಗೆ ಹುಟ್ಟಿದ ವರ್ಷ ಕೇಳುತ್ತಾರೆ. ಯಾರು ದೊಡ್ಡವರು ಅನ್ನುವುದು ಇತ್ಯರ್ಥವಾಗದೆ ಮಾತು ಮುಂದೆ ಹೋಗುವುದಿಲ್ಲ. ದೊಡ್ಡವಳಾದರೆ ಅಕ್ಕ, ಅಕ್ಕ ಊಟ ಕೊಡಿಸಬೇಕು, ಗದರಬೇಕು, ಜ್ವರ ಬಂದರೆ ಗಂಜಿ ತರಬೇಕು. ಚಿಕ್ಕವಳಾದರೆ ಲೋಟಕ್ಕೆ ನೀರು ಹಾಕಿ, ಅಕ್ಕಾ ಅಂದರೆ ಸಾಕು.

ಮೊದಲ ದಿನ ನಾನು ಸೂಟ್‌ಕೇಸು ಬಿಚ್ಚುತ್ತಿದ್ದೆ. ಸೋಲ್ಬಿ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತೀರ ಮರ್ಯಾದೆಯಿಂದ, "ನಾನು ಎರಡು ಸಾವಿರದ ನಾಲ್ಕು. ತಾವು?" ಅಂದಳು. ಆಮೇಲೆ ತಾನೇ ನಕ್ಕು, "ನನಗಿಂತ ದೊಡ್ಡವರು ಅನ್ಬೇಡಿ ದಯವಿಟ್ಟು. ನಮ್ಮನೇಲಿ ನಾನೊಬ್ಳೇ. ಹುಟ್ಟಿದಾಗಿಂದ ಒಂದು ತಂಗಿಗೆ ಕಾಯ್ತಾ ಇದೀನಿ," ಅಂದಳು.

ನನ್ನ ಬಾಯಲ್ಲಿ ಎರಡು ಸಾವಿರದ ಎರಡು ಬಂದು ಕೂತಿತ್ತು. ಹೊರಗೆ ಬಂದದ್ದು ಐದು.

"ಹಾಗಾದ್ರೆ ನಾನೇ ಅಕ್ಕ!" ಎಂದು ಚಪ್ಪಾಳೆ ತಟ್ಟಿದಳು. ಅಷ್ಟೇ, 'ತಾವು' ನೆಲಕ್ಕೆ ಬಿತ್ತು. "ಏಯ್, ಊಟ ಮಾಡಿದ್ಯಾ? ತಲೆ ಯಾಕೆ ಒದ್ದೆ? ಶೀತ ಆಗ್ಬೇಕಾ? ಬಾ ಇಲ್ಲಿ, ಕತ್ತೆ."

ಕತ್ತೆ ಹೋಗಿ ನೆಲದ ಮೇಲೆ ಕೂತಿತು. ಅವಳು ಹಿಂದೆ ಕೂತು ನನ್ನ ಕೂದಲಿಗೆ ಬಿಸಿಗಾಳಿ ಹಿಡಿದು ಬೆರಳಲ್ಲಿ ಬಿಡಿಸುತ್ತ ಹೋದಳು. ಕಿಟಕಿಯಲ್ಲಿ ಮಂಜು. ಆ ಯಂತ್ರದ ಸದ್ದಿನಲ್ಲಿ ನನಗೆ ಕೂತಲ್ಲೇ ಜೋಂಪು ಹತ್ತಿತು. ಅಮ್ಮ ಮಾಸ್ಕೋದ ಹೊಲಿಗೆ ಕಾರ್ಖಾನೆಗೆ ಹೋದ ಮೇಲೆ ನಾನು ಎರಡು ವರ್ಷ ಓದು ಬಿಟ್ಟು ಮನೆಯಲ್ಲಿದ್ದೆನಲ್ಲ, ಆಗಿನಿಂದ ಎಷ್ಟು ತಲೆ ಬಾಚಿದ್ದೇನೆ, ಎಷ್ಟು ಹೇನು ಹೆಕ್ಕಿದ್ದೇನೆ, ನಿನಗೇ ಗೊತ್ತು. ನನ್ನ ತಲೆ ಯಾರೂ ಮುಟ್ಟಿರಲಿಲ್ಲ.

ಡಿಸೆಂಬರಿನವರೆಗೆ ಅಪ್ಪಾ. ಒಂದೇ ಒಂದು ಸೆಮಿಸ್ಟರು ಚಿಕ್ಕವಳಾಗಿರುತ್ತೇನೆ. ಆಮೇಲೆ ಬಂದು ಮತ್ತೆ ದೊಡ್ಡವಳಾಗುತ್ತೇನೆ, ಪ್ರಾಮಿಸ್.

ನಿನ್ನ
ಬೆರ್ಮೆತ್


ಕರಾಕೋಲ್, ಅಂಚೆ ಕಚೇರಿ
೨೪ ಸೆಪ್ಟೆಂಬರ್

ಚಿರಂಜೀವಿ ಕತ್ತೆಗೆ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಒಂದನ್ನು ಸಭೆಯಲ್ಲಿ ಮಂಡಿಸಿದೆ. ಪಕ್ಕದ ಮನೆಯವರು ಕಸದ ಭಾಗವನ್ನು ಎರಡು ಸಲ ಓದಿಸಿ, "ಸುಳ್ಳು," ಎಂದು ತೀರ್ಪು ಕೊಟ್ಟರು. ಇನ್ನೊಂದನ್ನು ಕೌಂಟರಿನ ಹಿಂದೆ, ಪಿಂಚಣಿ ಅಜ್ಜಿಯರ ಕಣ್ಣು ತಪ್ಪಿಸಿ ಓದಿದೆ. ಸುಳ್ಳು ಇದ್ದದ್ದು ಅದರಲ್ಲಿ.

ಮಗಳೇ, ನೀನು ಯಾರ ಮನೆಯಲ್ಲಿ ಹುಟ್ಟಿದವಳು? ಕುರಿ ಬೇಯಿಸಿದ ತಟ್ಟೆ ಬಂದಾಗ ಯಾವ ಮೂಳೆ ಯಾವ ವಯಸ್ಸಿಗೆ ಅನ್ನುವುದನ್ನು ಕಣ್ಣು ಮುಚ್ಚಿ ಹಂಚುವವಳು ನೀನು. ಹೋದ ವರ್ಷ ನಿನ್ನ ದೊಡ್ಡಪ್ಪನಿಗೆ ತಪ್ಪು ಮೂಳೆ ಹೋಯಿತೆಂದು ಅವರು ಎರಡು ಹಬ್ಬ ನಮ್ಮ ಮನೆಗೆ ಕಾಲಿಡಲಿಲ್ಲ. ಕುರಿಯ ಕಿವಿ ಕೊಡುವುದು ಮಕ್ಕಳಿಗೆ, ಮಾತು ಕೇಳಲಿ ಅಂತ. ತೊಡೆಮೂಳೆಯ ಮರ್ಯಾದೆಯವಳು ಈಗ ಪರದೇಶದಲ್ಲಿ ಕೂತು ಕಿವಿ ಚೀಪುತ್ತಿದ್ದೀಯ.

ಬೈಯುತ್ತಿದ್ದೇನೆ ಅಂದುಕೊಂಡೆಯಾ? ಬೈಯೋಣವೆಂದೇ ಪೆನ್ನು ತೆಗೆದೆ. ಕೂದಲಿನ ವಿಷಯ ಬಂದಲ್ಲಿ ಪೆನ್ನು ನಿಂತಿತು.

ಚೀಪು. ಆದರೆ ಒಂದು ನೆನಪಿಟ್ಟುಕೋ: ನೀನು ಚಿಕ್ಕವಳಾದಷ್ಟೂ ಆ ಹುಡುಗಿ ದೊಡ್ಡವಳಾಗಬೇಕು.

ನಿನ್ನ ಅಪ್ಪ,
ಎಸೆನ್


ಚುನ್‌ಚೊನ್
೧೦ ಅಕ್ಟೋಬರ್

ಅಪ್ಪಾ,

ಸುಗ್ಗಿಯ ಹಬ್ಬಕ್ಕೆ ಸೋಲ್ಬಿ ನನ್ನನ್ನು ತನ್ನೂರಿಗೆ ಕರೆದುಕೊಂಡು ಹೋಗಿದ್ದಳು. ಬೆಟ್ಟಗಳ ನಡುವಿನ ಸಣ್ಣ ಊರು. ಬೀದಿ ತುಂಬ ಸೈನಿಕರು, ಅವರ ತಲೆಗೂದಲು ಕತ್ತರಿಸುವ ಅಂಗಡಿಗಳು. ಅವಳ ಅಮ್ಮನದೂ ಅಂಥದೇ ಒಂದು ಕ್ಷೌರದಂಗಡಿ. ಅಂಗಡಿಯ ಹಿಂದಿನ ಒಂದೇ ಕೋಣೆಯೇ ಮನೆ. ಅಪ್ಪ ಸೋಲ್ಬಿಯ ಬಾಲ್ಯದಲ್ಲೇ ತೀರಿಕೊಂಡರಂತೆ.

ನಾನು ಬಾಗಿಲಲ್ಲಿ ಬಗ್ಗಿ ನಮಸ್ಕರಿಸುವ ಮೊದಲೇ ಆಕೆ ನನ್ನ ಕೂದಲು ಹಿಡಿದು ನೋಡಿದರು.

"ಇದೇನೇ ಇದು, ಹುಲ್ಲು! ಸೋಲ್ಬಿ, ಇಷ್ಟು ದಿನ ಏನ್ ನೋಡ್ಕೊಂಡೆ ನೀನು ತಂಗೀನ?"

"ಬಾಚ್ತೀನಮ್ಮ ದಿನಾ! ಅದು ಹುಟ್ಟಿದ್ದೇ ಹಾಗೆ!"

"ಬಾಯಿ ಮಾಡ್ಬೇಡ. ಕೂತ್ಕೊಳ್ಳಮ್ಮ ಪುಟ್ಟಿ."

ಮೂರು ಗಂಟೆ ಕೂದಲು ಗುಂಗುರು ಮಾಡುವ ಔಷಧದ ವಾಸನೆಯಲ್ಲಿ ಕೂತೆ. ಈಗ ನನ್ನ ತಲೆ ಕುರಿ, ಕನ್ನಡಿ ಕಂಡರೆ ಉರಿ. ತಮ್ಮಂದಿರಿಗೆ ಹೇಳಬೇಡ.

ಹಬ್ಬದ ಬೆಳಿಗ್ಗೆ ತೀರಿಕೊಂಡ ಅಪ್ಪನಿಗೆ ಎಡೆ ಇಟ್ಟರು: ಹಣ್ಣು, ಮೀನು, ಅರ್ಧಚಂದ್ರದ ಅಕ್ಕಿಕಡುಬು. ಹಿಂದಿನ ಸಂಜೆ ನಾವು ಮೂವರೂ ಕೂತು ಕಡುಬು ತಿದ್ದಿದ್ದೆವು. ನನ್ನವು ನಮ್ಮ ಮಾಂಸದ ಕಡುಬಿನಂತೆ ದಪ್ಪಗಾದವು. "ಅಪ್ಪ ಇದನ್ನ ನೋಡಿ ಯಾರೋ ಹೊಸಬ್ರು ಬಂದಿದಾರೆ ಅಂದ್ಕೋತಾರೆ," ಎಂದು ಸೋಲ್ಬಿ ನಕ್ಕಳು. ಹಳೆ ಬಾಯ್ಲರ್ ರಿಪೇರಿ ಮಾಡುವ ಗೂ ಎಂಬ ಹೆಸರಿನವರೊಬ್ಬರು ಮರಸೇಬಿನ ಡಬ್ಬಿ ತಂದು ಕೊಟ್ಟು, ಕೂರದೆ ಹೋದರು. ಸೋಲ್ಬಿಯ ನಗು ಅವರ ಜೊತೆಗೇ ಹೊರಟುಹೋಯಿತು. ಯಾಕೆಂದು ಕೇಳಲಿಲ್ಲ. ಚಿಕ್ಕವಳಲ್ಲವೇ.

ಪಾತ್ರೆ ತೊಳೆಯುವಾಗ ಅವಳ ಅಮ್ಮ ಮೆಲ್ಲಗೆ ಹೇಳಿದರು: "ಒಂಟಿ ಮರ ಆಗಿ ಬೆಳೆದೋಳು ಇವಳು. ತನ್ನ ಊಟ ತನಗೆ ನೆನಪಿರ್ತಿರಲಿಲ್ಲ. ನೀ ಬಂದ್ಮೇಲೆ ಫೋನ್ ಮಾಡಿ ಗಂಜಿ ಹೇಗೆ ಮಾಡೋದು ಅಂತ ಕೇಳ್ತಾಳೆ! ಹೀಗೇ ಇರ್ರಮ್ಮ, ಅಕ್ಕ ತಂಗಿ."

ನೆಲ ಬೆಚ್ಚಗಿತ್ತು. ಮೂವರೂ ಸಾಲಾಗಿ ಮಲಗಿದೆವು, ನಾನು ನಡುವೆ. ಎಡದಲ್ಲೊಂದು ಉಸಿರು, ಬಲದಲ್ಲೊಂದು ಉಸಿರು, ಕೆಳಗೆ ನೆಲದೊಳಗೆ ಬಿಸಿನೀರು ಹರಿಯುವ ಸದ್ದು. ಕನಸಿನಲ್ಲಿ ನಮ್ಮ ಸರೋವರದ ದಡದಲ್ಲಿ ನಡೆಯುತ್ತಿದ್ದೆ. ಚೊಲ್ಪೊನ್ ಮತ್ತು ತಮ್ಮಂದಿರು ನೀರಿನಲ್ಲಿ ದೂರ ನಿಂತು ಕೈ ಬೀಸುತ್ತಿದ್ದರು. ನನಗೆ ಅವರ ಹೆಸರು ಮರೆತುಹೋಗಿತ್ತು. ಮರೆತಿದ್ದಕ್ಕೆ ಭಯವೂ ಆಗಲಿಲ್ಲ ಅಪ್ಪಾ. ಎದ್ದ ಮೇಲೆ ಆಯಿತು.

ಬೆರ್ಮೆತ್


ಕರಾಕೋಲ್
೧ ನವೆಂಬರ್

ಬೆರ್ಮೆತ್,

ಇದು ಕಾರ್ಡು. ಮಾತು ಸಣ್ಣದು, ಜಾಗವೂ ಸಣ್ಣದು. ಹಿಮ ಬಿತ್ತು. ಅಮ್ಮ ಹೊಸ ವರ್ಷಕ್ಕೆ ಬರುತ್ತಾಳಂತೆ. ಮೊನ್ನೆ ನನಗೆ ಬೆನ್ನುನೋವು ಬಂದು ಮಲಗಿದ್ದೆ. ತಮ್ಮಂದಿರು, "ಅಪ್ಪಂಗೆ ಏನಾಯ್ತು?" ಅಂದರೆ ಚೊಲ್ಪೊನ್ ಬಾಗಿಲು ಮುಚ್ಚಿ, "ಚಿಕ್ಕವರಿಗೆ ಅದೆಲ್ಲ ಯಾಕೆ? ಹೋಗಿ ಓದ್ಕೊಳ್ಳಿ," ಎಂದಳು. ಧ್ವನಿ ಥೇಟ್ ನಿನ್ನದು. ವಯಸ್ಸು ಹದಿನಾಲ್ಕು.

ಬೆನ್ನು ನೆಟ್ಟಗಾಗಿದೆ.

ಅಪ್ಪ


ಚುನ್‌ಚೊನ್
೧೯ ನವೆಂಬರ್

ಅಪ್ಪಾ,

ನನ್ನ ಹುಟ್ಟುಹಬ್ಬ ಆಯಿತು. ನಿನಗೆ ನಾನು ಇಪ್ಪತ್ಮೂರು, ಇಲ್ಲಿ ಇಪ್ಪತ್ತು. ಸೋಲ್ಬಿ ಬೆಳಿಗ್ಗೆ ಎದ್ದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕಡಲಪಾಚಿಯ ಸಾರು ಮಾಡಿದ್ದಳು. ಇಲ್ಲಿ ಹುಟ್ಟಿದ ದಿನಕ್ಕೆ ಅದೇ ಪಾಯಸ. ಕೇಕಿನ ಮೇಲೆ ಉದ್ದನೆಯ ಮೇಣದಬತ್ತಿ ಎರಡು, ಹತ್ತಕ್ಕೊಂದರಂತೆ. "ಊದು ಪುಟ್ಟಿ, ಇವತ್ತಿಂದ ನೀನೂ ದೊಡ್ಡೋಳು," ಅಂದಳು. ಊದಿದೆ. ಹೊಗೆ ನೇರ ಕಣ್ಣಿಗೆ ಬಂತು.

ಸಂಜೆ ಊಟಕ್ಕೆ ಹೋದೆವು. ಈ ಊರಿನ ಹೆಸರಾಂತ ತಿಂಡಿ: ಮೇಜಿನ ನಡುವೆಯೇ ಕಬ್ಬಿಣದ ದೊಡ್ಡ ಬಾಣಲೆ, ಅದರಲ್ಲಿ ಕೋಳಿ, ಕೋಸು, ಗೆಣಸು, ಕೆಂಪು ಮಸಾಲೆ. ಅಂಗಡಿಯವಳು ಒಬ್ಬಳಿಗೆ ಬಡಿಸುವುದಿಲ್ಲ; ಇಬ್ಬರಿದ್ದರೇ ಒಲೆ ಹೊತ್ತಿಸುತ್ತಾಳೆ. ಹಾಗಾಗಿ ಈ ಊರಲ್ಲಿ ಒಂಟಿಯಾದವರಿಗೆ ಊಟವೂ ಇಲ್ಲ ನೋಟವೂ ಇಲ್ಲ. ಎಂದಿನಂತೆ ಸೋಲ್ಬಿಯೇ ದುಡ್ಡು ಕೊಟ್ಟಳು. ಅಕ್ಕ ಕೊಡುವಾಗ ತಂಗಿ ಪರ್ಸು ತೆಗೆಯುವುದು ಅವಮಾನ. ಕೊಡುವಾಗ ಅವಳ ಕೈ ನೋಡಿದೆ. ಬೆರಳ ತುದಿಗಳೆಲ್ಲ ಒಡೆದಿದ್ದವು. ಆಮೇಲೆ ತಿಳಿಯಿತು, ಕ್ಲಾಸಿಗೆ ಮುಂಚೆ ಲೈಬ್ರರಿಗೆ ಹೋಗುತ್ತೇನೆ ಅನ್ನುತ್ತಿದ್ದವಳು ಹೋಗುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಅಂಗಡಿಯೊಂದಕ್ಕೆ, ಪೆಟ್ಟಿಗೆ ಇಳಿಸಲು. ನನಗೆ ಅಕ್ಕನಾಗುವ ಖರ್ಚಿಗೆ.

ಇಷ್ಟೇ ಆಗಿದ್ದರೆ ನಾನು ಹೇಗೋ ಸರಿಮಾಡುತ್ತಿದ್ದೆ. ಕಳೆದ ವಾರ ಅವಳ ಅಮ್ಮ ನನಗೆ ಫೋನ್ ಮಾಡಿದರು. "ಅಕ್ಕ ಸರಿಯಾಗಿ ಊಟ ಮಾಡ್ತಾಳಾ? ನನ್ನ ಫೋನು ಎತ್ತಲ್ಲ. ನಾನು ಗೂ ಅವರನ್ನ ಮದುವೆ ಆಗ್ತೀನಿ ಅಂದಿದ್ದಕ್ಕೆ 'ಒಳ್ಳೇದಮ್ಮ' ಅಂದು ಇಟ್ಟಳು. ಅಂಗಡಿ ಮಾರಿ ದಕ್ಷಿಣಕ್ಕೆ ಹೋಗ್ತೀವಿ ಅಂದೆ. ಅದಕ್ಕೂ 'ಒಳ್ಳೇದಮ್ಮ'. ಅತ್ತಿದ್ರೆ ನನಗೆ ಸಮಾಧಾನ ಆಗ್ತಿತ್ತು."

ಅಳುತ್ತಾಳೆ ಅಪ್ಪಾ. ಕೋಣೆಯ ಸ್ನಾನದ ಮನೆಯಲ್ಲಿ ನಲ್ಲಿ ಪೂರ್ತಿ ತಿರುಗಿಸಿ ಅಳುತ್ತಾಳೆ. ಕಣ್ಣು ಕೆಂಪಗೆ ಹೊರಬಂದು "ಶಾಂಪೂ" ಅನ್ನುತ್ತಾಳೆ. ನಾನೂ ಹಾಗೇ ಅಲ್ಲವೇ ಮಾಡುತ್ತಿದ್ದದ್ದು, ಅಮ್ಮ ಹೋದ ಚಳಿಗಾಲ? ಈರುಳ್ಳಿ ಅನ್ನುತ್ತಿದ್ದೆ.

ಬಟ್ಟೆ ಒಗೆಯುವ ಕೋಣೆಯಲ್ಲಿ ಇಬ್ಬರೇ ಇದ್ದಾಗ ಕೇಳಿದೆ.

"ಅಕ್ಕಾ, ಏನಾಯ್ತು?"

"ಏನಿಲ್ಲ."

"ನನಗೆ ಹೇಳು."

ಅವಳು ನನ್ನ ಕುರಿಕೂದಲು ಕೆದರಿ ನಕ್ಕಳು. "ಚಿಕ್ಕವರಿಗೆ ಅದೆಲ್ಲ ಯಾಕೆ? ಹೋಗು, ಓದ್ಕೋ."

ಯಂತ್ರದ ಗಾಜಿನೊಳಗೆ ನಮ್ಮಿಬ್ಬರ ಬಟ್ಟೆ ಸುತ್ತುತ್ತಿತ್ತು. ನಿನ್ನ ಕಾರ್ಡು ನನ್ನ ಜೇಬಿನಲ್ಲಿತ್ತು.

ಅವಳಿಗೆ ಈಗ ಬೇಕಾದದ್ದು ಅಮ್ಮ ಮನೆಬಿಟ್ಟು ಹೋದದ್ದನ್ನು ಕಂಡ, ಅದನ್ನು ದಾಟಿ ಬಂದ, ತನಗಿಂತ ದೊಡ್ಡ ಒಬ್ಬಳು. ಅಂಥವಳು ಅದೇ ಕೋಣೆಯಲ್ಲಿ, ಮೂರಡಿ ದೂರದ ಮಂಚದಲ್ಲಿ, ಚಿಕ್ಕವಳ ಹಾಗೆ ಹೊದ್ದು ಮಲಗಿದ್ದಾಳೆ. ಹೇಳಿಬಿಟ್ಟರೆ? ದೊಡ್ಡವಳನ್ನು ಕತ್ತೆ ಎಂದೆನಲ್ಲ ಎಂದು ಅವಳು ಸತ್ತೇಹೋಗುತ್ತಾಳೆ. ತಾನು ಕಾದು ಪಡೆದ ತಂಗಿಯನ್ನೂ ಕಳೆದುಕೊಳ್ಳುತ್ತಾಳೆ, ಅಮ್ಮನ ಮನೆ ಹೋಗುತ್ತಿರುವ ಹೊತ್ತಿನಲ್ಲೇ. ಹೇಳದಿದ್ದರೆ ನಲ್ಲಿ ನಿಲ್ಲುವುದಿಲ್ಲ.

ಏನು ಮಾಡಲಿ? ಪ್ರಾಸ ಬೇಡ, ಉತ್ತರ ಬೇಕು.

ಬೆರ್ಮೆತ್


ಕರಾಕೋಲ್, ಅಂಚೆ ಕಚೇರಿ
೪ ಡಿಸೆಂಬರ್

ಮಗಳೇ,

ಪ್ರಾಸ ಬೇಡ ಅಂದೆ. ಆಯಿತು, ಕಷ್ಟಪಟ್ಟು ಬರೆಯುತ್ತೇನೆ.

ಇಲ್ಲಿ ನನ್ನ ಕೌಂಟರಿಗೆ ಬರುವ ಅಜ್ಜಿಯೊಬ್ಬರಿಗೆ ನಿನ್ನ ಸಂಗತಿಯನ್ನು, ಯಾರದೋ ಸಂಗತಿ ಎಂಬಂತೆ, ಹೇಳಿ ನೋಡಿದೆ. ಆಕೆ, "ಮಗಾ, ತಟ್ಟೆ ತಪ್ಪಿದ್ರೆ ಎದ್ದು ಬದಲಾಯಿಸೋದಪ್ಪ, ಅದಕ್ಕೆ ಯಾಕೆ ಮೀಟಿಂಗು?" ಎಂದು ಸ್ಟ್ಯಾಂಪು ಅಂಟಿಸಿ ಹೋದರು. ಅಷ್ಟು ಸುಲಭವಿದ್ದರೆ ನಿನ್ನ ದೊಡ್ಡಪ್ಪ ಎರಡು ಹಬ್ಬ ತಪ್ಪಿಸುತ್ತಿರಲಿಲ್ಲ.

ನಾನು ಹೇಳು ಅನ್ನುವುದಿಲ್ಲ, ಹೇಳಬೇಡ ಅನ್ನುವುದೂ ಇಲ್ಲ. ನಿನಗೆ ಅಕ್ಕತನವನ್ನು ಕೊಡುವಾಗ ನಾವು ಕೇಳಿ ಕೊಡಲಿಲ್ಲ. ಅಮ್ಮನ ಬಸ್ಸು ತಿರುವಿನಲ್ಲಿ ಮರೆಯಾಯಿತು, ನೀನು ತಿರುಗಿ ನೋಡಿದೆ, ಮೂವರು ನಿಂತಿದ್ದರು, ಅಷ್ಟರಲ್ಲಿ ಮುಗಿದುಹೋಗಿತ್ತು. ಈಗ ನಿನ್ನ ಕೈಯಲ್ಲಿದೆ. ಯಾರೂ ಹೊರಿಸದೆ ತಾನಾಗಿಯೇ ಹೊತ್ತರೆ ಅದರ ಭಾರ ಬೇರೆಯೇ ಇರಬಹುದು. ನನಗೆ ಗೊತ್ತಿಲ್ಲ, ನಾನು ಮನೆಗೆ ಕೊನೆಯವನು. ಈ ವಯಸ್ಸಿಗೂ ದೊಡ್ಡವರ ಎದುರು ಕಿವಿಯೇ ಸಿಗುತ್ತದೆ.

ಒಂದು ಮಾತು ಮಾತ್ರ. ನೀನು ಇಲ್ಲಿಗೆ ಬಂದ ಮೇಲೆ, ಒಂದೊಂದು ಭಾನುವಾರ ಯಾರೂ ನಿನ್ನನ್ನು ಕಾಲುಚೀಲ ಎಲ್ಲಿ ಎಂದು ಕೇಳಕೂಡದು ಎಂದು ಸಭೆಯಲ್ಲಿ ಠರಾವು ಮಾಡಿಸುತ್ತೇನೆ. ಚೊಲ್ಪೊನ್‌ಗೂ ಒಂದು ಭಾನುವಾರ. ತಲೆ ನಾನು ಬಾಚುತ್ತೇನೆ. ಚೆನ್ನಾಗಿ ಬರುವುದಿಲ್ಲ.

ಕಾಗದ ನಿನಗೆ ತಲುಪುವ ಹೊತ್ತಿಗೆ ನೀನೇ ಏನಾದರೂ ಮಾಡಿರುತ್ತೀಯ. ಅಂಚೆಯ ಗುಣವೇ ಅದು.

ಅಪ್ಪ


೧೫ ಡಿಸೆಂಬರ್, ನಮ್ಮ ಕೋಣೆ

ಸೋಲ್ಬಿ ಅಕ್ಕಾ,

ನೀನು ಸ್ನಾನದ ಮನೆಗೆ ಹೋಗಿ ತುಂಬ ಹೊತ್ತಾಯಿತು. ನಾನು ಬಾಗಿಲಿನ ಈಚೆ ನೆಲದ ಮೇಲೆ ಕೂತಿದ್ದೇನೆ. ತಟ್ಟಿದರೆ ಶಾಂಪೂ ಅನ್ನುತ್ತೀಯ, ಆಗ ನಾನು ಸರಿ ಅಕ್ಕಾ ಎಂದು ಹಿಂದೆ ಹೋಗಬೇಕಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ಇನ್ನೂ ಒಂದನೇ ಕ್ಲಾಸಿನದು. ನೀನು ಹೇಗೂ ಆ ಮಕ್ಕಳಿಗೇ ಟೀಚರಾಗುವವಳು, ಓದಿಕೋ.

ನಿನ್ನ ಅಮ್ಮ ನನಗೆ ಎಲ್ಲ ಹೇಳಿದ್ದಾರೆ. ಅಂಗಡಿ ಮಾರಿದ್ದು, ಊರು ಬಿಡುವುದು, ನೀನು ಒಳ್ಳೇದಮ್ಮ ಅಂದದ್ದು. ಅದು ಒಳ್ಳೆಯದಲ್ಲ ಅನ್ನಿಸುತ್ತಿದ್ದರೆ ಅನ್ನಿಸಲಿ. ನನ್ನ ಅಮ್ಮ ಹೋದ ದಿನ ನಾನು ಹುಷಾರಾಗಿ ಹೋಗಿ ಬಾ ಎಂದೆ, ಬಹಳ ಚೆನ್ನಾಗಿ ಎಂದೆ, ಎಲ್ಲರೂ ಮೆಚ್ಚಿದರು. ಮನೆಗೆ ಬಂದು ಅವಳ ಚಹಾದ ಬಟ್ಟಲನ್ನು ತೊಳೆಯಲಾರದೆ ಮೂರು ವಾರ ಕಿಟಕಿಯಲ್ಲಿಟ್ಟೆ. ಅದರಲ್ಲಿ ಬೂಷ್ಟು ಬೆಳೆಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಆಮೇಲೆ ತೊಳೆದೆ. ತೊಳೆಯುವ ದಿನ ಬರುತ್ತದೆ, ಅದೂ ನನಗೆ ಗೊತ್ತು.

ಇದೆಲ್ಲ ಇವಳಿಗೆ ಹೇಗೆ ಗೊತ್ತು, ಇಪ್ಪತ್ತರ ಹುಡುಗಿಗೆ, ಎಂದು ನೀನೀಗ ಯೋಚಿಸುತ್ತಿರಬಹುದು.

ಮಂಜು ಇವತ್ತು ಕಿಟಕಿಗೇ ಅಂಟಿಕೊಂಡಿದೆ. ಸೇತುವೆ ಇಲ್ಲ, ನೀರಿಲ್ಲ, ಊರಿಲ್ಲ. ಪ್ರಪಂಚದಲ್ಲಿ ಈ ಕೋಣೆ, ಈ ಬಾಗಿಲು, ಅದರ ಎರಡು ಬದಿ, ಇಷ್ಟೇ ಉಳಿದ ಹಾಗಿದೆ. ಈ ನಾಲ್ಕು ತಿಂಗಳು ನನ್ನ ಬದುಕಿನಲ್ಲೇ ಅತ್ಯಂತ ಮೆತ್ತಗಿನ ತಿಂಗಳುಗಳು. ನೀನು ನನ್ನನ್ನು ಕತ್ತೆ ಎಂದಾಗಲೆಲ್ಲ ನನಗೆ ನಿದ್ದೆ ಬರುವಷ್ಟು ಸುಖವಾಗುತ್ತಿತ್ತು. ನಾನಾಗಿ ಅದನ್ನು ಬಿಟ್ಟುಕೊಡುತ್ತಿರಲಿಲ್ಲ, ಖಂಡಿತ.

ಈಗ ಈ ಕಾಗದವನ್ನು ಬಾಗಿಲಿನ ಕೆಳಗೆ ತೂರಿಸುತ್ತೇನೆ. ಒದ್ದೆಯಾಗುವ ಮೊದಲು ಎತ್ತಿಕೋ.

ನಲ್ಲಿ ನಿಲ್ಲಿಸಿ ಹೊರಗೆ ಬಂದು ಅಳು. ನಾನು ಹುಟ್ಟಿದ್ದು ಎರಡು ಸಾವಿರದ ಎರಡರಲ್ಲಿ.

ನಿನ್ನ ಅಕ್ಕ,
ಬೆರ್ಮೆತ್